ಹದಿನೈದು ದಿನದ ಹಾಳೆ

ಹೆಗ್ಗನಹಳ್ಳಿ ಕ್ರಾಸ್, ಬೆಂಗಳೂರು
27 ಜುಲೈ 2025, ಭಾನುವಾರ

ನಮ್ಮ ಮನೆಯವರಿಗೆ,

ಮೊನ್ನೆ ಶುಕ್ರವಾರ ಕಂಪನಿಯವರು ನಿಮ್ಮ ಸಹಿ ಇರುವ ಪತ್ರವೊಂದನ್ನು ಕಾರ್ಮಿಕ ಅಧಿಕಾರಿಯ ಮುಂದೆ ಇಟ್ಟರು. ಪೀಣ್ಯಕ್ಕೆ ಬರುವ ಮೊದಲೇ ನಿಮಗೆ ಲೇತ್ ಮಷೀನಿನ ಕೆಲಸ ಪೂರ್ತಿ ಬರುತ್ತಿತ್ತು, ಹೊಸಪೇಟೆಯ ವರ್ಕ್‌ಶಾಪ್ ಒಂದರಲ್ಲಿ ಕಲಿತಿದ್ದಿರಿ, ಇಲ್ಲಿ ನಿಮಗೆ ಯಾರೂ ಏನನ್ನೂ ಕಲಿಸಿಲ್ಲ ಎಂದು ಅದರಲ್ಲಿ ಬರೆದಿದೆ. ಇದನ್ನು ನನಗೆ ಮೂರನೆಯವರು ಬಂದು ಹೇಳಿದ್ದಲ್ಲ. ಅಧಿಕಾರಿಗಳೇ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಈ ಸಹಿ ಗುರುತು ಸಿಗುತ್ತೇನಮ್ಮ?" ಎಂದು ಕೇಳಿದರು. ಸಿಗುತ್ತದೆ, ನಮ್ಮ ಮನೆಯವರದೇ ಎಂದೆ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ನಿಮಗೆ ಗೊತ್ತಿದೆ. ಫೋನಿನಲ್ಲಿ ಮೂರನೇ ಮಾತಿಗೆ ನಮ್ಮ ಜಗಳ ಶುರುವಾಗುತ್ತದೆ, ನಾಲ್ಕನೆಯದಕ್ಕೆ ನೀವು ಕಟ್ ಮಾಡುತ್ತೀರಿ. ಇಲ್ಲಿಂದ ನೀವಿರುವ ಹೆಬ್ಬಗೋಡಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆ. ಇರುವ ಒಂದು ಭಾನುವಾರ ಬಟ್ಟೆ ಒಗೆಯುವುದಕ್ಕೇ ಸಾಲುವುದಿಲ್ಲ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಅರ್ಧಕ್ಕೆ ಬಿಡುವ ಅಭ್ಯಾಸ ನಿಮಗಿಲ್ಲ.

ನೀವು ನವೆಂಬರ್‌ನಲ್ಲಿ ಮನೆಯನ್ನೂ ಕಂಪನಿಯನ್ನೂ ಬಿಟ್ಟ ಮೇಲೆ ಇಲ್ಲಿ ನಡೆದದ್ದು ನಿಮಗೆ ದೇವರಾಜ್ ಬಾಯಿಂದ ಮಾತ್ರ ಗೊತ್ತಾಗಿರಬೇಕು. ಶಿಫ್ಟ್ ಇನ್‌ಚಾರ್ಜ್ ಆದವರು ಕಂಪನಿಯ ಪರವಾಗಿಯೇ ಹೇಳುತ್ತಾರೆ, ಅದು ಅವರ ಕೆಲಸ. ನನ್ನ ಕಡೆಯದನ್ನು ನಾನು ಹೇಳುತ್ತೇನೆ.

ಫೆಬ್ರವರಿಯಲ್ಲಿ ನಾವು ಒಂಬತ್ತು ಹೆಂಗಸರು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು. ಬರೆದುಕೊಟ್ಟವನು ಯೂನಿಯನ್ನಿನ ಕೊಟ್ರೇಶ್. ಅರ್ಜಿಯಲ್ಲಿ ಇರುವುದು ಇಷ್ಟೇ: ಲೇತ್ ಮಷೀನುಗಳನ್ನು ಗಂಡಸರು ನಡೆಸಿದರೆ ಆಪರೇಟರ್, ನಾವು ನಡೆಸಿದರೆ ಹೆಲ್ಪರ್. ಮಷೀನು ಒಂದೇ, ದಿನದ ಟಾರ್ಗೆಟ್ಟೂ ಒಂದೇ. ನಮ್ಮನ್ನೂ ಆಪರೇಟರ್ ಎಂದು ಬರೆದು, ಆ ಸಂಬಳವನ್ನೇ ಕೊಡಬೇಕು. ಕಂಪನಿಯ ಉತ್ತರ ಇನ್ನೂ ಚಿಕ್ಕದು. ಹೆಲ್ಪರ್ ಕೆಲಸ ಬೇರೆ, ಆಪರೇಟರ್ ಕೆಲಸ ಬೇರೆ, ಈ ಹೆಂಗಸರಿಗೆ ಆಪರೇಟರ್ ಕೆಲಸವೇ ಬರುವುದಿಲ್ಲ ಎಂದು.

ಅರ್ಜಿಯಲ್ಲಿ ಮೊದಲ ಹೆಸರು ನನ್ನದು. ಸೇವೆಯಲ್ಲಿ ನಾನೇ ಹಳಬಳು ಎಂದು ಹಾಗೆ ಬರೆದರು, ನಾನು ಮುಂದೆ ನುಗ್ಗಿದ್ದಲ್ಲ.

ಮೊದಲ ಸಭೆ ಜೂನ್ 20ಕ್ಕೆ ಆಯಿತು. ಅಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಅಧಿಕಾರಿಗಳು, "ನಿಮ್ಮ ಕೆಲಸವನ್ನೇ ಮಾಡಿ ಹೆಚ್ಚು ಸಂಬಳ ತಗೊಂಡ ಗಂಡಸು ಯಾರು? ಒಂದು ಹೆಸರು ಹೇಳಿ, ಅವರಿಗೆ ನೋಟಿಸ್ ಕಳಿಸಿ ಕರೆಸ್ತೀನಿ" ಅಂದರು. ನನಗೆ ಗೊತ್ತಿದ್ದದ್ದು ಒಂದೇ ಹೆಸರು. ಬೇರೆಯವರ ಪಗಾರದ ಚೀಟಿ ನಾನು ಕಣ್ಣಲ್ಲೂ ನೋಡಿಲ್ಲ. ಬಾಯಿ ತೆರೆದೆ, ಹೆಸರು ಬರಲಿಲ್ಲ. ಹದಿನಾರು ವರ್ಷ ನಿಮ್ಮನ್ನು 'ರೀ' ಎಂದು, ಬೇರೆಯವರ ಹತ್ತಿರ 'ನಮ್ಮ ಮನೆಯವರು' ಎಂದು ಹೇಳಿದ ನಾಲಿಗೆ. ಉಳಿದ ಎಂಟು ಹೆಂಗಸರು, ಇಬ್ಬರು ವಕೀಲರು, ಬಾಗಿಲಲ್ಲಿ ನಿಂತ ಪ್ಯೂನ್, ಎಲ್ಲರೂ ಕಾಯುತ್ತಿದ್ದಾರೆ. ನಾನು ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದೇನೆ.

ಪಕ್ಕದ ಮಷೀನಿನ ಸಿದ್ದಕ್ಕ ತಡೆಯಲಾರದೆ ಎದ್ದಳು. "ಆಕಿ ಹೇಳಂಗಿಲ್ರೀ ಸಾಹೇಬ್ರ, ಅದು ಆಕಿ ಗಂಡನ ಹೆಸರು. ನಾ ಹೇಳ್ತೀನಿ, ಬರಕೋರಿ, ಬಸಲಿಂಗ ಅಂತ."

ಹೇಳಿಕೆ ಕೊಡುತ್ತಿರುವವರ ಬಾಯಿಂದಲೇ ಬರಬೇಕು, ನಡುವೆ ಬೇರೆಯವರು ಹೇಳಿದರೆ ಬರೆದುಕೊಳ್ಳುವುದಕ್ಕೆ ಬರುವುದಿಲ್ಲ ಎಂದು ಅಧಿಕಾರಿಗಳು ಆಕೆಯನ್ನು ಕೂರಿಸಿದರು. ಕಂಪನಿಯ ವಕೀಲರು ನಕ್ಕುಬಿಟ್ಟರು. "ಗಂಡನ ಹೆಸರು ಹೇಳೋಕೆ ನಾಚ್ಕೆ ಸಾರ್, ಗಂಡನಷ್ಟೇ ಸಂಬಳ ಕೇಳೋಕೆ ಮಾತ್ರ ನಾಚ್ಕೆ ಇಲ್ಲ" ಅಂದರು. ಎಲ್ಲರೂ ನಕ್ಕರು. ನಮ್ಮವರಲ್ಲೂ ಇಬ್ಬರು ನಕ್ಕರು, ಅವರನ್ನು ದೂರುವುದಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಯಿತು. 'ಅರ್ಜಿದಾರರು ಯಾವ ಪುರುಷ ಕಾರ್ಮಿಕನ ಹೆಸರನ್ನೂ ಸೂಚಿಸಲಿಲ್ಲ' ಎಂದು ಬರೆದು, ಸಭೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಬಹುದಿತ್ತು ಎಂದು ನನಗೆ ಹೊಳೆದದ್ದು ವಾಪಸ್ ಬಸ್ ಹತ್ತಿದ ಮೇಲೆ.

ಅಂದೇ ಹೇಳಿದ್ದರೆ ನಿಮಗೆ ಸರ್ಕಾರದ ನೋಟಿಸ್ ಬರುತ್ತಿತ್ತು. ನಾನು ಸುಮ್ಮನಿದ್ದದ್ದರಿಂದ ನೋಟಿಸ್ ಬದಲು ನಿಮ್ಮ ಹತ್ತಿರ ದೇವರಾಜ್ ಬಂದರು. ಅವರೂ ಆ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದರು, ಸಿದ್ದಕ್ಕ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಕೈಯಲ್ಲಿ ಒಂದು ತಿಂಗಳಿತ್ತು. ನಿಮಗೆ ಹೊಸ ಯೂನಿಟ್ಟಿನಲ್ಲಿ ಶಿಫ್ಟ್ ಇನ್‌ಚಾರ್ಜ್ ಕೆಲಸ ಕೊಡಿಸುತ್ತೇನೆ ಎಂದು ಅವರು ಹೇಳಿದ್ದಾರಂತೆ. ಇದನ್ನು ನನಗೆ ಹೇಳಿದವನು ಕ್ಯಾಂಟೀನಿನ ಯಮನೂರ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿಮ್ಮ ಕಾಂಟ್ರಾಕ್ಟ್ ಆಗಸ್ಟ್ ಕೊನೆಗೆ ಮುಗಿಯುತ್ತದೆ ಎಂಬುದೂ ನನಗೆ ಗೊತ್ತಿದೆ. ಹಾಗಾಗಿ ನೀವು ಏಕೆ ಸಹಿ ಹಾಕಿದಿರಿ ಎಂದು ಕೇಳುವುದಿಲ್ಲ.

ಪತ್ರದಲ್ಲಿರುವುದು ನಿಜವೇ ಎಂದಷ್ಟೇ ಕೇಳುತ್ತೇನೆ.

2019ರ ಫೆಬ್ರವರಿಯಲ್ಲಿ ನೀವು ಹೊಸಪೇಟೆಯಲ್ಲಿ ಇರಲಿಲ್ಲ. ದೊಡ್ಡನೆಕ್ಕುಂದಿಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿದ್ದಿರಿ. ಹಲಗೆಯ ಮೊಳೆ ಕಾಲಿಗೆ ಹೊಕ್ಕು ಎಂಟು ದಿನ ಮಲಗಿದ್ದಿರಿ. ಆಗ ನಾನೇ ದೇವರಾಜ್ ಹತ್ತಿರ ಹೋಗಿ, ನಮ್ಮ ಮನೆಯವರಿಗೆ ಒಂದು ಕೆಲಸ ಕೊಡಿ ಸಾರ್ ಎಂದೆ. ಅವರು, "ನೀನು ಕಲಿಸ್ತೀಯಾ ಅಂದ್ರೆ ತಗೊಳ್ಳೋಣ ಬಿಡಮ್ಮ. ಮನೇಲೂ ನೀನೇ ಮೇಷ್ಟ್ರು, ಇಲ್ಲೂ ನೀನೇ" ಎಂದು ನಕ್ಕರು.

ನಮ್ಮ ಕಂಪನಿಯ ಪದ್ಧತಿ ನಿಮಗೆ ಗೊತ್ತು. ಹೊಸದಾಗಿ ಬಂದ ಗಂಡಸನ್ನು ಹಳೆಯ ಹೆಂಗಸಿನ ಮಷೀನಿಗೆ ಹದಿನೈದು ದಿನ ನಿಲ್ಲಿಸುತ್ತಾರೆ. ಅವನ ಹೆಸರಿಗೆ ಒಂದು ಹಾಳೆ ಇರುತ್ತದೆ. ದಿನ ಏನು ಕಲಿತನೆಂದು ಅದರಲ್ಲಿ ಬರೆಯಬೇಕು, ಇನ್‌ಚಾರ್ಜ್ ಪ್ರತಿ ದಿನಕ್ಕೂ ಚಿಕ್ಕ ಸಹಿ ಹಾಕಬೇಕು. ಬರೆಯುವವರು ನಾವೇ. ಕೊನೆಯಲ್ಲಿ 'ಕಲಿಸಿದವರು' ಎಂಬ ಜಾಗವಿದೆ, ಅದನ್ನು ಮಾತ್ರ ಖಾಲಿ ಬಿಡಬೇಕು. ಅಲ್ಲಿ ದೇವರಾಜ್ ತಮ್ಮ ಹೆಸರು ಬರೆದುಕೊಳ್ಳುತ್ತಾರೆ. ಹದಿನಾರನೇ ದಿನ ಕಲಿತವನು ಆಪರೇಟರ್. ಕಲಿಸಿದವಳು ಹೆಲ್ಪರ್ ಆಗಿಯೇ ಮುಂದಿನವನಿಗೆ ಕಾಯುತ್ತಾಳೆ. ನಿಮಗಿಂತ ಮೊದಲು ಒಂಬತ್ತು ಜನಕ್ಕೆ ಕಲಿಸಿದ್ದೆ, ಒಂಬತ್ತು ಸಲವೂ ಆ ಜಾಗ ಖಾಲಿ ಬಿಟ್ಟಿದ್ದೆ. ಇದರಲ್ಲಿ ಅನ್ಯಾಯವಿದೆ ಎಂದು ಆಗ ನನಗೂ ಅನಿಸಿರಲಿಲ್ಲ. ಹಾಜರಿ ಹಾಕುವಷ್ಟೇ ಮಾಮೂಲಿ ಕೆಲಸ ಅದು.

ನಿಮ್ಮ ಹದಿನೈದು ದಿನ ನನಗೆ ಚೆನ್ನಾಗಿ ನೆನಪಿದೆ. ಕಬ್ಬಿಣ ಕೊರೆಯುವ ಟೂಲ್ ಸವೆದದ್ದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ ಎಂದು ನಿಮ್ಮನ್ನು ಕಣ್ಣು ಮುಚ್ಚಿ ನಿಲ್ಲಿಸಿದ್ದೆ. ಸಿದ್ದಕ್ಕ ಅದನ್ನು ನೋಡಿ, "ಏನವಾ, ಗಂಡನ್ನ ಧ್ಯಾನಕ್ಕ ನಿಂದರಿಸೀಯೇನ?" ಎಂದಿದ್ದಳು. ಮೂರನೇ ದಿನ ನೀವು ಮಷೀನಿಗೆ ಅಳತೆ ಕೊಡುವಾಗ ಒಂದು ಸೊನ್ನೆ ಹೆಚ್ಚು ಒತ್ತಿ ಟೂಲ್ ಮುರಿದಿರಿ. ಕೈತಪ್ಪು ನನ್ನದು ಎಂದು ನಾನು ಹೇಳಿದೆ. ಆ ತಿಂಗಳ ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಐದನೇ ದಿನಕ್ಕೆ ನೀವೊಬ್ಬರೇ ಅಳತೆ ಸರಿಮಾಡಿಕೊಂಡಿರಿ. ಅಷ್ಟು ಬೇಗ ಕಲಿತವರು ನೀವೊಬ್ಬರೇ. ಇದನ್ನು ನಾನು ಆಗಲೂ ಹೇಳಿದ್ದೇನೆ, ಈಗಲೂ ಯಾರು ಕೇಳಿದರೂ ಹೇಳುತ್ತೇನೆ.

ಕೊನೆಯ ದಿನ ಒಂದು ತಪ್ಪಾಯಿತು. ನಿಮ್ಮ ಹೆಸರನ್ನು ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದೆಂದು ಯಾರೂ ಹೇಳಿಲ್ಲವಲ್ಲ. ಹಾಳೆಯ ಮೇಲೆ ನಾನೇ ಬರೆದ ನಿಮ್ಮ ಹೆಸರಿತ್ತು. ನೋಡುತ್ತ ನೋಡುತ್ತ, ಕೆಳಗಿನ 'ಕಲಿಸಿದವರು' ಎಂಬಲ್ಲಿ ನನ್ನ ಹೆಸರು ಬರೆದುಬಿಟ್ಟೆ. ಸಂಬಳದ ಯೋಚನೆ ಆಗ ತಲೆಯಲ್ಲಿ ಇರಲಿಲ್ಲ. ಲಗ್ನಪತ್ರಿಕೆಯ ನಂತರ ಎರಡೂ ಹೆಸರು ಒಂದೇ ಹಾಳೆಯಲ್ಲಿ ಬಂದದ್ದು ಅದೇ ಮೊದಲು. ಚೆಂದ ಕಂಡಿತು, ಅಷ್ಟೇ. ದೇವರಾಜ್ ನೋಡಿ, "ಏನಮ್ಮ, ನನ್ನ ಸೀಟೂ ನಿಂಗೇ ಬೇಕಾ? ಹರಿದು ಬಿಸಾಕು ಅದನ್ನ" ಎಂದು ಬೈದು, ಬೇರೆ ಹಾಳೆ ಬರೆಸಿ ಅವರ ಹೆಸರು ಹಾಕಿಕೊಂಡರು. ಆ ಸಂಜೆ ನೀವು ಕೇಳಿದಿರಿ, ಹರಿದು ಹಾಕಿದೆ ಎಂದೆ. ನೀವು ಆಪರೇಟರ್ ಆದಿರೆಂದು ಎಲ್ಲರಿಗೂ ಪೇಡೆ ಹಂಚಿದವಳೂ ನಾನೇ.

ಐದೂವರೆ ವರ್ಷ ನೀವು ನಿಮ್ಮ ಸಂಬಳವೂ ನನ್ನಷ್ಟೇ ಎಂದು ಹೇಳಿದಿರಿ, ನನ್ನಷ್ಟೇ ಮನೆಗೆ ಕೊಟ್ಟಿರಿ. ಹೋದ ಸೆಪ್ಟೆಂಬರ್‌ನಲ್ಲಿ ನಿಮ್ಮ ಅಂಗಿ ಒಗೆಯುವಾಗ ಕಿಸೆಯಲ್ಲಿ ಚೀಟಿ ಸಿಕ್ಕಿತು. ನಿಮ್ಮದು ಇಪ್ಪತ್ತೆರಡು ಸಾವಿರದ ಎಂಟು ನೂರು. ನನ್ನದು ಹದಿನೈದು ಸಾವಿರದ ನೂರು. ಅವತ್ತು ನೀವು, "ನಾ ಏನು ನಿನ್ನ ಕಿಸೇದಾಗಿಂದ ಕದ್ದೀನೇನ? ಗಂಡಸರಿಗೆ ಕೊಡ್ತಾರ, ಇಸಗೊಂಡೀನಿ" ಎಂದು ಕೂಗಿದಿರಿ. ನೀವು ಕದ್ದಿಲ್ಲ. ಕದ್ದಿರಿ ಎಂದು ನಾನು ಅಂದೂ ಹೇಳಲಿಲ್ಲ. ಹೆಚ್ಚಿನ ದುಡ್ಡು ನಿಮ್ಮ ಅವ್ವನ ಕಣ್ಣಿನ ಆಪರೇಷನ್‌ಗೆ, ತಮ್ಮನ ಓದಿಗೆ ಹೋದದ್ದು ಆಮೇಲೆ ಗೊತ್ತಾಯಿತು, ಹೋಗಬೇಕಾದದ್ದೇ. ಚೀಟಿ ಮಡಿಸಿ ಕಿಸೆಯಲ್ಲಿ ಇಟ್ಟುಕೊಂಡ ಅಷ್ಟು ತಿಂಗಳು, ಒಂದು ಸಲವೂ 'ಗಂಗಾ, ನಿನಗ್ಯಾಕ ಕಡಿಮಿ ಕೊಡ್ತಾರ' ಎಂದು ನೀವು ಕೇಳಲಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಅದು.

ಶುಕ್ರವಾರ ಅಧಿಕಾರಿಗಳು ಮತ್ತೆ ಹೆಸರು ಕೇಳಿದರು. ಹೇಳಿದೆ. ಬಸಲಿಂಗ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಏನೂ ಆಗಲಿಲ್ಲ. ಗುಮಾಸ್ತರು ಬರೆದುಕೊಂಡರು. ಅದಾದ ಮೇಲೆ ಕಂಪನಿಯ ವಕೀಲರು ಫೈಲ್ ತೆರೆದು ನಿಮ್ಮ ಪತ್ರ ತೆಗೆದರು.

ನೀವೇ ಹಾಗೆ ಬರೆದುಕೊಟ್ಟ ಮೇಲೆ, ನಾನು ಕಲಿಸಿದೆ ಎನ್ನುವುದಕ್ಕೆ ಬೇರೆ ದಾಖಲೆ ಇದೆಯೇ ಎಂದು ಅಧಿಕಾರಿಗಳು ಕೇಳಿದರು. ಇಲ್ಲ ಎಂದೆ. ಹೊರಗೆ ಬಂದ ಮೇಲೆ ಕೊಟ್ರೇಶ್, "ಅಕ್ಕಾ, ಒಂದೇ ಒಂದು ಪೇಪರ್ ಇದ್ದಿದ್ರೆ ಸಾಕಾಗಿತ್ತು" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಮುಂದಿನ ಸಭೆಯಲ್ಲೂ ಇಷ್ಟೇ ಆದರೆ ಅರ್ಜಿ ಮುಕ್ತಾಯ ಮಾಡುತ್ತಾರಂತೆ. ಸಿದ್ದಕ್ಕನಿಗೆ ನಿವೃತ್ತಿಗೆ ಎರಡು ವರ್ಷವಿದೆ. ಈಗ ಆಪರೇಟರ್ ಎಂದು ಬರೆಯದಿದ್ದರೆ ಅವಳು ಹೆಲ್ಪರ್ ಆಗಿಯೇ ಮನೆಗೆ ಹೋಗುತ್ತಾಳೆ. ಬಸ್ಸಿನಲ್ಲಿ ಅವಳು ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನನಗೆ ದಣಿವಾಗಿದೆ. ನಾಳೆ ಸೋಮವಾರ ನನ್ನ ಮಷೀನಿಗೆ ಹೊಸಬನೊಬ್ಬ ಬರುತ್ತಾನೆ. ಹದಿನಾಲ್ಕನೆಯವನು. ಮತ್ತೆ ಕಣ್ಣು ಮುಚ್ಚಿ ನಿಲ್ಲು ಎಂದು ಹೇಳಬೇಕು, ಮತ್ತೆ ಹಾಳೆ ಬರೆಯಬೇಕು. ಅವನಿಗೆ ಹದಿನಾರನೇ ದಿನದಿಂದಲೇ ನನಗಿಂತ ಹೆಚ್ಚು ಸಂಬಳ ಎಂದು ಈಗ ನನಗೆ ಗೊತ್ತು. ಗೊತ್ತಿದ್ದೂ ಚೆನ್ನಾಗಿಯೇ ಕಲಿಸುತ್ತೇನೆ. ಕೆಟ್ಟದಾಗಿ ಕಲಿಸುವುದು ನನಗೆ ಬರುವುದಿಲ್ಲ, ಅದೂ ಅಲ್ಲದೆ ತಪ್ಪು ಕಲಿತರೆ ಮಷೀನು ಅವನ ಕೈ ತೆಗೆಯುತ್ತದೆ.

ನೀವು ಬಂದು, ಆ ಪತ್ರವನ್ನು ವಾಪಸ್ ಪಡೆದು, ನನಗೆ ಕಲಿಸಿದ್ದು ಇವಳು ಎಂದು ಒಂದು ಮಾತು ಹೇಳಬೇಕು. ಮನೆಗೆ ವಾಪಸ್ ಬನ್ನಿ ಎಂದು ಇದನ್ನು ಬರೆಯುತ್ತಿಲ್ಲ. ಅದು ಬೇರೆ ವಿಷಯ, ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಡಿ. ಶಿಫ್ಟ್ ಇನ್‌ಚಾರ್ಜ್ ಕೆಲಸ ಕೈತಪ್ಪಬಹುದು ಎಂಬುದೂ ಗೊತ್ತಿದ್ದೇ ಕೇಳುತ್ತಿದ್ದೇನೆ.

ಸುಕೃತಿ ಎಂಟನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ಕಾಗದ ಬರೆಯುತ್ತಿರುವುದನ್ನು ನೋಡಿ, "ಪಪ್ಪ ಬಂದ್ರೆ ನನ್ ಸೈಕಲ್ ಬ್ರೇಕ್ ಸರಿ ಮಾಡ್ಬೇಕಂತೆ ಅಂತ ಬರಿ" ಎಂದಳು. ಬರೆದಿದ್ದೇನೆ.

ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಾನೇ ಬರೆಯುತ್ತೇನೆ.

ಇತಿ,
ಶಿವಗಂಗಾ

ಮರೆತಿದ್ದು: ಆ ಹಾಳೆಯನ್ನು ನಾನು ಹರಿದಿರಲಿಲ್ಲ. ನಿಮ್ಮ ಹೆಸರು, ಕೆಳಗೆ ನನ್ನ ಹೆಸರು, ನಡುವೆ ಹದಿನೈದು ದಿನಕ್ಕೂ ದೇವರಾಜ್ ಹಾಕಿದ ಚಿಕ್ಕ ಸಹಿ, ಎಲ್ಲವೂ ಹಾಗೆಯೇ ಇದೆ. ಆರು ವರ್ಷ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ಶುಕ್ರವಾರ ಅದು ನನ್ನ ಚೀಲದಲ್ಲೇ ಇತ್ತು, ಊಟದ ಡಬ್ಬಿಯ ಕೆಳಗೆ. ನಿಮ್ಮ ಪತ್ರ ಓದಿದ ಮೇಲೆ ಅದನ್ನು ತೆಗೆದಿಟ್ಟಿದ್ದರೆ ನೀವು ಸುಳ್ಳು ಬರೆದುಕೊಟ್ಟಿದ್ದೀರಿ ಎಂದು ಅಲ್ಲೇ ದಾಖಲಾಗುತ್ತಿತ್ತು. ಎಂಟು ಜನ ನನ್ನ ಮುಖ ನೋಡುತ್ತಿದ್ದಾಗ ದಾಖಲೆ ಇಲ್ಲ ಎಂದೆ. ಸಿದ್ದಕ್ಕನಿಗೂ ಇದು ಗೊತ್ತಿಲ್ಲ. ಇನ್ನೊಂದು ಸಲ ಇಲ್ಲ ಎಂದು ಹೇಳುವುದಿಲ್ಲ. ಮುಂದಿನ ಸಭೆ ಆಗಸ್ಟ್ 12, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆಗೆ, ಎರಡನೇ ಮಹಡಿಯಲ್ಲಿ.