ಜೇಬಿನೊಳಗಿನ ಅಂಚು

ಮಾರ್ಚ್ ೩, ರಾತ್ರಿ

…ಅದೂ ಸಾಲದು ಅಂತ ಹೀಟರ್ ಬೇರೆ ಕೆಟ್ಟಿದೆ. ಬೂಟು ಒಣಗಿಲ್ಲ. ಪಕ್ಕದಲ್ಲಿ ಮಾವನ ಗೊರಕೆ. ಮಾವ ಅಂದ್ರೆ ನನಗೇನೂ ಆಗ್ಬೇಕಾದವನಲ್ಲ — ನಮ್ಮ ದೇಶದವನು, ನಾನಿರೋ ಗೋಡೌನಲ್ಲೇ ಫೋರ್ಕ್‌ಲಿಫ್ಟ್ ಓಡಿಸ್ತಾನೆ, ಇದೇ ರೂಮು. ಎದ್ರೆ ಬಯ್ತಾನೆ. ಅದಕ್ಕೇ ಪಿಸುಗುಟ್ಕೊಂಡು ರೆಕಾರ್ಡ್ ಮಾಡ್ತಿದೀನಿ.

ಇವತ್ತೆಲ್ಲ ಪೆಟ್ಟಿಗೆ ಇಳಿಸಿ ಇಳಿಸಿ ಸೊಂಟ ಬಿದ್ದೋಯ್ತು. ಕೊನೇ ಕಂಟೇನರ್ ತೆಗೆದ್ರೆ… ಊರಲ್ಲಿ ಅಕ್ಕ ಕೆಲಸ ಮಾಡೋ ಬಟ್ಟೆ ಫ್ಯಾಕ್ಟರಿ ಹೆಸರು! ತಕ್ಷಣ ಫೋನ್ ಮಾಡಿದೆ.

"ಲೋ ಮರಿ, ಒಂದು ಪ್ಯಾಂಟ್ ಬಿಚ್ಚಿ ಜೇಬೊಳಗೆ ನೋಡೋ!"

"ಯಾರ ಪ್ಯಾಂಟೇ?"

"ಥೂ, ಕತ್ತೆ! ಪೆಟ್ಟಿಗೇದು."

ನಮ್ಮೂರ ಮಿಲ್ಲಿನ ಬಟ್ಟೆ ಬಣ್ಣ ಬಿಡ್ತಿತ್ತಂತೆ. ಮೊದಲ ಲಾಟಷ್ಟೇ ಅದರಲ್ಲಿ ಹೊಲಿದಿದ್ದು. ಆಮೇಲೆ ಅಕ್ಕ ಮಾಲೀಕರ ಹತ್ರ ಜಗಳ ಆಡಿ ಪಕ್ಕದ ದೇಶದಿಂದ ಬಟ್ಟೆ ತರಿಸಿದ್ಲಂತೆ. ಆ ಬಟ್ಟೆ ಅಂಚಲ್ಲಿ ಅವರ ಮಿಲ್ಲಿನ ಹೆಸರು ನೇಯ್ದಿರುತ್ತೆ. ಅದನ್ನ ಕತ್ತರಿಸಿ ಬಿಸಾಕೋದು ವಾಡಿಕೆ. ಇವಳು ಬಿಸಾಕಿಸ್ಲಿಲ್ಲ. ಜೇಬೊಳಗೆ ಕಾಣೋ ಹಾಗೆ ಹೊಲಿಸಿದಾಳೆ.

"ಬಡವರ ಸರಕು ಅಂತ ಮೂಗು ಮುರೀತಾರಲ್ಲ, ಜೇಬಿಗೆ ಕೈ ಹಾಕಿದಾಗೆಲ್ಲ ಎಂಥಾ ಬಟ್ಟೆ ಅಂತ ಗೊತ್ತಾಗ್ಲಿ."

ಅದಕ್ಕೇ ಅವಳನ್ನ ಸೂಪರ್‌ವೈಸರ್ ಮಾಡಿದಾರೆ.

ಮಾರ್ಚ್ ೪

ಜೇಬಿನ ವಿಷಯ ಮಾವನಿಗೆ ನಗ್ತಾ ಹೇಳಿದೆ. ಅವನು ನಗಲಿಲ್ಲ.

"ನಮ್ಮ ಸರಕಿಗೆ ಇಲ್ಲಿ ಸುಂಕ ಯಾಕಿಲ್ಲ ಗೊತ್ತೇನೋ?"

"ಬಡ ದೇಶ ಅಂತ."

"ಹೂಂ. ಆದ್ರೆ ಬಟ್ಟೆನೂ ನಮ್ದೇ ಆಗಿರ್ಬೇಕು. ಹೊಲಿಗೆ ಮಾತ್ರ ನಮ್ದಾದ್ರೆ ಸಾಲದು. ಹೊರಗಿನ ಬಟ್ಟೆ ಅಂತ ಗೊತ್ತಾದ್ರೆ ಪೂರ್ತಿ ಸುಂಕ ಜಡೀತಾರೆ. ಆಮೇಲೆ ಮಾಲು ಕೊಳ್ಳೋ ಈ ಕಂಪನಿಯೋರು ನಿಮ್ಮಕ್ಕನ ಕಡೆ ತಿರುಗೂ ನೋಡಲ್ಲ."

ತಿರುಗಿ ನೋಡ್ಲಿಲ್ಲ ಅಂದ್ರೆ ಅಕ್ಕನ ಹೊಲಿಗೆ ಲೈನ್ ಮುಚ್ಚುತ್ತೆ. ಆ ಲೈನಿಗೆ ಇರೋದು ಇದೊಂದೇ ಆರ್ಡರ್.

ಅವಳಿಗೆ ಹೇಳ್ಲಾ? ಹಡಗು ಬಂದಾಗಿದೆ. ಹೇಳಿ ಏನ್ ಮಾಡ್ಲಿ…

ಮಾರ್ಚ್ ೭, ನಿದ್ದೆ ಇಲ್ಲ

ನಾಳೆ ಸುಂಕದವರ ತಪಾಸಣೆ. ಶಿಫ್ಟ್ ಮುಗಿದ ಮೇಲೂ ನಾನೂ ಮಾವನೂ ಉಳ್ಕೊಂಡ್ವಿ. ಬಣ್ಣ ಬಿಡೋ ನಮ್ಮೂರ ಬಟ್ಟೆ ಲಾಟನ್ನ ಮುಂದಕ್ಕೆ ತಂದು ಜೋಡಿಸಿದ್ವಿ. ಜೇಬಲ್ಲಿ ಅಂಚಿರೋ ಒಳ್ಳೇದು ಹಿಂದೆ, ಗೋಡೆಗೆ ಒತ್ತಿ.

"ಜೀವಮಾನದಲ್ಲಿ ಮೊದಲ ಸಲ ಕಣೋ," ಅಂದ ಮಾವ, "ಕೆಟ್ಟ ಮಾಲನ್ನ ಮುಂದಿಟ್ಟು ವ್ಯಾಪಾರ ಮಾಡ್ತಿರೋದು."

ಬೆನ್ನು ನೆಟ್ಟಗಾಗ್ತಿಲ್ಲ.

ಮಾರ್ಚ್ ೮

ಸುಂಕದ ಮೇಡಂ ಬಂದ್ರು. ಜೊತೆಗೆ ಕಂಪನಿಯವನೊಬ್ಬ, ಕೋಟಿನವನು. ಹೊರಗೆ ಮಳೆ. ಮೇಡಂ ಒದ್ದೆ ಕೈಯಲ್ಲೇ ಮುಂದಿನ ಪೆಟ್ಟಿಗೆಯಿಂದ ಒಂದು ಪ್ಯಾಂಟ್ ಎತ್ತಿದ್ರು. ಬೆರಳೆಲ್ಲ ನೀಲಿ. ಕೋಟಿನವನ ಮುಖ ಹುಳ್ಳಗಾಯ್ತು.

"ಎಲ್ಲಾ ಹೀಗೇನಾ?" ಅಂದ.

ಮೇಡಂ ಗೋಡೆ ಕಡೆ ಕೈ ತೋರಿಸಿದ್ರು. "ಆ ಹಿಂದಿನದು ತೆಗಿ."

ತೆಗೆದೆ. ಇನ್ನೇನ್ ಮಾಡ್ಲಿ.

ಉಜ್ಜಿ ನೋಡಿದ್ರು. ಬಣ್ಣ ಬರ್ಲಿಲ್ಲ. ಹೊಲಿಗೆ ಎಳೆದ್ರು, ಗಟ್ಟಿ. ತಲೆ ಆಡಿಸಿದ್ರು. ನನಗೆ — ಹೇಳ್ಕೊಳ್ಳೋಕೆ ನಾಚಿಕೆ — ಆ ಹೊತ್ತಲ್ಲೂ ಹೆಮ್ಮೆ ಆಯ್ತು. ಆಮೇಲೆ ಜೇಬಿಗೆ ಕೈ ಹಾಕಿದ್ರು. ಅಂಚು ಓದಿದ್ರು. ಎರಡು ಸಲ.

"ಬಟ್ಟೆ ತುಂಬ ಚೆನ್ನಾಗಿದೆ," ಅಂದ್ರು, ಬೇಜಾರಲ್ಲೇ. "ಅದೇ ತೊಂದರೆ."

ಪೂರ್ತಿ ಸುಂಕ. ಕೋಟಿನವನು ಆಗ್ಲೇ ಬಾಗಿಲ ಹತ್ರ ಹೋಗಿ ಫೋನಲ್ಲಿ ಇನ್ಯಾವುದೋ ದೇಶದವರ ಹತ್ರ ರೇಟು ಕೇಳ್ತಿದ್ದ.

ಮಾರ್ಚ್ ೧೦, ರಾತ್ರಿ

ಎರಡು ದಿನದಿಂದ ಅಕ್ಕನ ಫೋನ್ ಎತ್ತಿಲ್ಲ. ಇವತ್ತು ವಾಯ್ಸ್ ಕಳಿಸಿದಾಳೆ. ಹಿಂದೆ ಮೆಷಿನ್ ಸದ್ದು, ಯಾರೋ ಕಿಸಕ್ ಅಂತ ನಗ್ತಿದಾರೆ.

"ಲೋ, ಅಲ್ಲಿಯೋರು ಮಾಲು ನೋಡಿದ್ರಂತೆ? ಜೇಬು ನೋಡಿ ಏನಂದ್ರೋ? ನಮ್ಮ ಲೈನ್ ಹುಡುಗೀರು ಪ್ರಾಣ ತಿಂತಿದಾರೆ."

ಮಾಲೀಕರು ಅವಳಿಗಿನ್ನೂ ಸುದ್ದಿ ಹೇಳಿಲ್ಲ.

ಉತ್ತರ ಕಳಿಸೋಣ ಅಂತ ಕೂತೆ. "ಅಕ್ಕಾ, ತುಂಬ ಚೆನ್ನಾಗಿದೆ ಅಂದ್ರು." ಸುಳ್ಳೇನಲ್ಲ. ರೆಕಾರ್ಡ್ ಮಾಡಿ ಕೇಳಿಸ್ಕೊಂಡೆ. ಅಳಿಸಿದೆ.

ಮಾವ ಗೋಡೆ ಕಡೆ ತಿರುಗಿ ಮಲಗಿದಾನೆ. ಇವತ್ತು ಗೊರಕೆ ಇಲ್ಲ.

ಸರಿ. ಇನ್ನೊಂದ್ಸಲ.

ಅಕ್ಕಾ, ನಾನು. ನಾಳೆ ಊಟದ ಬೆಲ್ ಆದ್ಮೇಲೆ ಹುಡುಗೀರ ಜೊತೆ ಕೂರ್ಬೇಡ, ಗೇಟ್ ಹತ್ರ ಒಬ್ಬಳೇ ಬಾ. ಫೋನ್ ನೀನು ಮಾಡ್ಬೇಡ, ನಾನೇ ಮಾಡ್ತೀನಿ. ಒಂದೂವರೆಗೆ—