ಅಂಗೈಯ ಬಿಸಿ

ಅಳತೆ ಕೋಣೆಯ ಹೊರಗಿನ ಬೆಂಚು
೧೨ ಮಾರ್ಚ್, ಊಟದ ಬಿಡುವು

ನನ್ನ ಹಟಮಾರಿ ಅಮ್ಮಾ,

ಸೊಂಟದ ನೋವು ಹೇಗಿದೆ? ಬಚ್ಚಲಿಗೆ ಹೋಗೋಕೂ ಅತ್ತಿಗೆಯ ಹೆಗಲು ಹಿಡೀತೀಯಂತೆ. ಆದರೂ ಆಪರೇಷನ್ ಮಾತ್ರ ಬೇಡ! "ಯಾರೋ ಮಾಡಿದ ಗುಂಡನ್ನ ಮೈಯೊಳಗೆ ಇಟ್ಕೊಂಡು ನಡೀಲಾ?" ಅಂದೆಯಂತೆ. ಮೊನ್ನೆ ಅಣ್ಣ ಫೋನಲ್ಲಿ ಇದನ್ನ ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ಅದರಿಂದ ಏನಾಯ್ತು ಕೇಳು.

ನಿನಗೆ ಗೊತ್ತಲ್ಲ, ಅಳತೆ ನೋಡೋ ಹಿರಿಯ ಇನ್‌ಸ್ಪೆಕ್ಟರ್ ಅಂತ ನಾನು ರುಜು ಹಾಕದೆ ಈ ಕಾರ್ಖಾನೆಯಿಂದ ಏನೂ ಹೊರಗೆ ಹೋಗಲ್ಲ. ಈಗ ಅಳೀತಿರೋದು ಸೊಂಟದ ಕೀಲಿಗೆ ಹಾಕೋ ಲೋಹದ ಗುಂಡುಗಳನ್ನೇ. ಮೊದಲು ಸರಿಯಾದ ಅಳತೆಯ ಮಾದರಿ ಗುಂಡು ಇಟ್ಟು ಯಂತ್ರದ ಮುಳ್ಳನ್ನ ಸೊನ್ನೆಗೆ ತರಬೇಕು. ಅವತ್ತು ಅಣ್ಣನ ಮಾತು ಕೇಳ್ತಾ ಆ ಮಾದರಿಯನ್ನ ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದೆ. ಫೋನ್ ಇಟ್ಟವಳೇ ಸೊನ್ನೆ ಮಾಡಿ ಅಳೆದೆ. ಹನ್ನೆರಡು ಗುಂಡೂ ಮೂರು ಮೈಕ್ರಾನ್ ಕಮ್ಮಿ! ಸಣ್ಣದಾದದ್ದನ್ನ ದೊಡ್ಡದು ಮಾಡೋಕಾಗಲ್ಲ, ಗುಜರಿಗೇ ಸೈ. ಕೆಂಪು ಚೀಟಿ ಅಂಟಿಸಿಬಿಟ್ಟೆ. ಅವನ್ನ ಉಜ್ಜಿ ನುಣುಪು ಮಾಡಿದ್ದು ನಮ್ಮ ಗ್ರೈಂಡಿಂಗ್ ಅಜ್ಜ; ಮುಂದಿನ ತಿಂಗಳು ನಿವೃತ್ತಿ, ಒಂದು ಕೆಲಸಾನೂ ಕೆಡಿಸಿದವರಲ್ಲ. ಅವರು ಜಗಳ ಆಡಲಿಲ್ಲ. "ತಾಯಿ, ಮಾದರಿ ತಣ್ಣಗಿತ್ತಾ?" ಅಂದರು ಅಷ್ಟೇ.

ಎರಡು ಗಂಟೆ ಮಾದರಿಯನ್ನ ಆರಲು ಬಿಟ್ಟು, ಮತ್ತೆ ಸೊನ್ನೆ ಮಾಡಿ ಅಳೆದೆ. ಹನ್ನೆರಡೂ ಸರಿ! ನನ್ನ ಅಂಗೈ ಬಿಸಿಗೆ ಮಾದರಿಯೇ ಉಬ್ಬಿತ್ತು ಅಮ್ಮಾ, ಅದಕ್ಕೇ ಅದರ ಮುಂದೆ ಉಳಿದವು ಸಣ್ಣ ಅಂತ ತೋರಿಸಿತ್ತು. ಎಷ್ಟು ಗೊತ್ತಾ? ಒಂದು ಕೂದಲನ್ನ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು. ಇಪ್ಪತ್ತೆರಡು ವರ್ಷದಿಂದ ಹೊಸಬರಿಗೆ ಇದೇ ಪಾಠ ಹೇಳ್ತಿದ್ದೀನಿ, ಆದರೂ ಮೈ ಜುಮ್ಮೆಂದಿತು. ಜೀವ ಇಲ್ಲದ ಲೋಹಕ್ಕೂ ನನ್ನ ಸಿಟ್ಟು ಗೊತ್ತಾಗಿಬಿಡ್ತಲ್ಲ! ಅದಕ್ಕಿಂತ ದೊಡ್ಡ ಬೆರಗು ಆ ಅಜ್ಜಂದು. ಯಂತ್ರ ಒಂದು ಹೇಳಿದರೂ ತಾನು ಮಾಡಿದ ಕೆಲಸ ಏನು ಅಂತ ಆ ಕೈಗೆ ಗೊತ್ತಿತ್ತು. ಎಲ್ಲರೆದುರು ಚೀಟಿ ಕಿತ್ತು, ತಪ್ಪು ನಂದು ಅಂತ ಪುಸ್ತಕದಲ್ಲಿ ಬರೆದೆ. ನಾಚಿಕೆಯಾಯ್ತು, ಸುಳ್ಳು ಹೇಳಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು, ಅಣ್ಣನ ಕಿವಿ ಹಿಂಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮುಂಗೋಪಿ ಮಗಳು

ಬೆಲ್ ಹೊಡೀತು, ಆದರೂ ಒಂದು ಮಾತು: ಯಾರೋ ಮಾಡಿದ ಗುಂಡು ಅಂದೆಯಲ್ಲ, ಮಾಡಿದವರು ಯಾರು ಅಂತ ಈಗ ನಿನಗೂ ಗೊತ್ತಾಯ್ತು. ನಿನ್ನ ಡಾಕ್ಟರು ತರಿಸೋದೂ ಇಲ್ಲಿಂದಲೇ, ಅಣ್ಣನ ಕೈಲಿ ಕೇಳಿಸಿದೆ. ಅಳೆಯೋಳು ನಾನು, ಕೈ ತಣ್ಣಗಿಟ್ಕೋತೀನಿ. ಹೂಂ ಅನ್ನಮ್ಮ.