ಐವತ್ತು ಮೈಲಿ ಆದ ಮೇಲೆ

ಸೆಪ್ಟೆಂಬರ್ 28, ಭಾನುವಾರ, ಪ್ಲೇನೋ

ಜೀಪಿಗೆ ಹೊಸ ವೀಲ್ ಹಾಕಿ ಮುಗಿಸಿದೆ, ನಾಲ್ಕೂ. ಬೆನ್ನು ಹಿಡಿದುಕೊಂಡಿದೆ. ಒಂದು ನಟ್ಟು, ಆಮೇಲೆ ಅದರ ಎದುರಿನದು — ಬಿಗಿ ಸಾಕೆಂದು ಟಾರ್ಕ್ ವ್ರೆಂಚ್ ಕಟಕ್ ಎನ್ನುವವರೆಗೆ. ಮಗಳು ಸಿಯಾ ಪಕ್ಕದಲ್ಲಿ ಕೂತು ಎಣಿಸಿದಳು. ನನ್ನ ಗಂಡ ಪ್ರತಾಪ್ ಕಾಫಿ ಹಿಡಿದು ಬಂದು ಫೋಟೋ ತೆಗೆದ. ಕನ್ನಡ ಸಂಘದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದು: 'ನನ್ನ ಹೊಸ ವೀಲ್ಸ್'. ಇರಲಿ. ಐವತ್ತು ಮೈಲಿ ಓಡಿದ ಮೇಲೆ ನಟ್ಟು ಮತ್ತೆ ಬಿಗಿ ಮಾಡಬೇಕು. ಅವನಿಗೆ ಎರಡು ಸಲ ಹೇಳಿದೆ.

ಅಕ್ಟೋಬರ್ 11ಕ್ಕೆ ಪಕ್ಕದ ಕ್ಯಾರಲ್ಟನ್‌ನಲ್ಲಿ ಸಂಘದ ಹೆಂಗಸರಿಗೆ ಟೈರ್ ಬದಲಿಸುವುದು ಕಲಿಸಬೇಕು. ಇಪ್ಪತ್ತೆರಡು ಹೆಸರು ಬಂದಿವೆ. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಯಾರೋ ನನ್ನನ್ನು ಮೆಕ್ಯಾನಿಕಲ್ ಇಂಜಿನಿಯರ್ ಎಂದು ಪರಿಚಯಿಸಿದ್ದಾರೆ.

ಅಕ್ಟೋಬರ್ 1

ಅರವತ್ತೆರಡು ಮೈಲಿ ಆಗಿದೆ. ವ್ರೆಂಚ್ ಹುಡುಕಿದರೆ ದೇವರ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ, ಲ್ಯಾಪ್‌ಟಾಪಿನ ಪಕ್ಕ.

"ಆಯುಧ ಪೂಜೆ ಕಣೇ. ಇವತ್ತು ಮುಟ್ಟಬಾರ್ದು," ಎಂದ ಪ್ರತಾಪ್.

"ನಟ್ಟು ಸಡಿಲ ಆಗಿರತ್ತೆ. ಹತ್ತು ನಿಮಿಷದ ಕೆಲಸ."

"ಬಿಡು, ನಾಳೆ ನಾನೇ ಮಾಡ್ಕೋತೀನಿ."

ಸಿಯಾ ತಿಂಡಿ ತಿನ್ನುತ್ತಾ ಇಬ್ಬರನ್ನೂ ನೋಡಿದಳು. ಹತ್ತಕ್ಕೆ ಪ್ರತಾಪ್ ಲ್ಯಾಪ್‌ಟಾಪ್ ಎತ್ತಿಕೊಂಡು ಮೀಟಿಂಗಿಗೆ ಕೂತ. ಶಾಸ್ತ್ರವೆಲ್ಲ ನನ್ನ ವ್ರೆಂಚಿಗೆ ಮಾತ್ರ.

ಅಕ್ಟೋಬರ್ 2, ಬೆಳಿಗ್ಗೆ 6:30

ಬೆಳಗಾಗುವ ಮೊದಲೇ ಪ್ರತಾಪ್ ಜೀಪ್ ತೆಗೆದುಕೊಂಡು ಹೊರಟುಬಿಟ್ಟಿದ್ದಾನೆ. ಗೆಳೆಯ ವಿಶ್ವಾಸ್ ಜೊತೆ, ಆಸ್ಟಿನ್ ಆಚೆ, ಕಲ್ಲುಮಣ್ಣಿನ ದಾರಿಯಲ್ಲಿ ಗಾಡಿ ಓಡಿಸುವ ಆಫ್‌ರೋಡ್ ಪಾರ್ಕಿಗೆ. ವ್ರೆಂಚ್ ಕುಂಕುಮದ ಸಮೇತ ಇಲ್ಲೇ ಇದೆ. ಎರಡು ಸಲ ಕಾಲ್ ಮಾಡಿದೆ. ಎತ್ತಲಿಲ್ಲ.

9:10

ದಾರಿಯಲ್ಲಿ ವೇಕೋ ಊರು ದಾಟಿದ ಮೇಲೆ ಜೀಪಿನ ಮುಂದಿನ ಚಕ್ರ ಕಳಚಿಕೊಂಡಿತಂತೆ. ಪ್ರತಾಪನಿಗೆ ಏನೂ ಆಗಿಲ್ಲ. ವಿಶ್ವಾಸನ ಬಲಗೈ ಎರಡು ಕಡೆ ಮುರಿದಿದೆ.

ಅಕ್ಟೋಬರ್ 4

ಸಂಘದ ಗ್ರೂಪಿನಲ್ಲಿ ಪ್ರತಾಪ್: 'ವೀಲ್ ಹಾಕಿದ್ದು ನನ್ನ ಹೆಂಡ್ತಿ. ಏನ್ ಮಾಡೋದು, ಪಾಠ ಕಲಿತ್ವಿ.'

ಸಂಜೆ ಸಂಘದ ರಾಜಲಕ್ಷ್ಮಿ ಆಂಟಿ ಫೋನ್. "ಬೇಜಾರ್ ಮಾಡ್ಕೋಬೇಡಮ್ಮ ಸುಚೇತಾ. ಆ ಕ್ಲಾಸು ಸದ್ಯಕ್ಕೆ ಬೇಡ. ಎಲ್ರೂ ಹೆದರ್ಕೊಂಡಿದಾರೆ."

ಗ್ರೂಪಿನಲ್ಲಿ ನಿಜ ಬರಿ ಎಂದು ಪ್ರತಾಪನಿಗೆ ಹೇಳಿದೆ. "ಮನೆ ಮರ್ಯಾದೆ ಬೀದಿಗೆ ತರ್ಬೇಡ" ಎಂದ. ನನ್ನದು ಆಗಲೇ ಬೀದಿಯಲ್ಲಿದೆಯಲ್ಲ!

ಮೈಯೆಲ್ಲ ಸಿಟ್ಟು. ಅವನ ಮೇಲೆ... ಅದಕ್ಕಿಂತ ಹೆಚ್ಚು ನನ್ನ ಮೇಲೆ. ಕುಂಕುಮ ಒರೆಸಿ ಎತ್ತಿಕೊಳ್ಳಬಹುದಿತ್ತು. ದೇವರೇನು ಕಣ್ಣು ಕೀಳುತ್ತಿದ್ದನೇ? ಹಬ್ಬದ ದಿನ ಜಗಳ ಯಾಕೆ ಎಂದು ಸುಮ್ಮನಾದೆ.

ಅಕ್ಟೋಬರ್ 5

ವಿಶ್ವಾಸನ ಹೆಂಡತಿ ಪ್ರಗತಿ ಫೋನ್ ಮಾಡಿದಳು. "ಅಕ್ಕಾ, ಒಂದೇ ಒಂದು ಕೇಳ್ತೀನಿ. ಮತ್ತೆ ಟೈಟ್ ಮಾಡ್ಬೇಕು ಅಂತ ಪ್ರತಾಪ್‌ಗೆ ಹೇಳಿದ್ರಾ, ಇಲ್ವಾ?"

ಹೌದು ಎಂದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಕ್ಲಾಸೂ ಉಳಿಯುತ್ತಿತ್ತೋ ಏನೋ. ಫೋನ್ ಸ್ಪೀಕರಿನಲ್ಲಿತ್ತು, ಪ್ರತಾಪ್ ಎದುರಿಗೇ ನಿಂತಿದ್ದ. ಕೈ ಮುಗಿದ. ಮದುವೆಯಾದ ಹದಿನಾರು ವರ್ಷದಲ್ಲಿ ಮೊದಲ ಸಲ.

"ಹೇಳೋದು ಮರೆತುಬಿಟ್ಟೆ ಪ್ರಗತಿ," ಎಂದೆ.

ಫೋನ್ ಇಟ್ಟು ತಿರುಗಿದರೆ ಹಿಂದೆ ಸಿಯಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಮ್ಮಾ, ಯು ಟೋಲ್ಡ್ ಹಿಮ್. ಐ ವಾಸ್ ದೇರ್."

ಊಟಕ್ಕೆ ಬಂದಿಲ್ಲ. ಈಗಷ್ಟೇ ಹೋಗಿ ಅವಳ ಬಾಗಿಲು ತಟ್ಟಿದೆ. ಒಳಗಿನಿಂದ ಒಂದೇ ಮಾತು, ಅಪರೂಪಕ್ಕೆ ಕನ್ನಡದಲ್ಲಿ: "ಯಾಕೆ?"

ಅವಳಿಗೆ ನಾನು ಏನು ಹೇಳಲಿ, ಹಬ್ಬದ ದಿನ ವ್ರೆಂಚ್ ಬಿಟ್ಟ ಹಾಗೆ ಇವತ್ತು ನಿಜವನ್ನೂ ಬಿಟ್ಟುಕೊಟ್ಟೆ ಎಂದೇ?